ಬೊಳ್ಳಿ ಆರಾಮ ಇದ್ದಾಳೆ, ಎಲ್ಲರಿಗೂ ಥ್ಯಾಂಕ್ಸ್

ಕಳೆದ ವಾರ ಡಾಕ್ಟ್ರು ನಮ್ಮ ಬೆಕ್ಕು ಬೊಳ್ಳಿಯ ಹೊಟ್ಟೆಯನ್ನು ಒತ್ತಿ ಒತ್ತಿ ನೋಡಿದರು. ಇನ್ನು ಇವಳನ್ನು ಕರೆದುಕೊಂಡು ಬರೋದು ಬೇಡ ಎಂದರು. ಜೂನ್‌ನಿಂದ ನೀವೆಲ್ಲ ಕೇಳುತ್ತಲೇ ಇದ್ದಿರಿ. ನಮ್ಮ ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ ಕೇಳಿದಿರಿ. ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದಿರಿ. ಮದುವೆ ಊಟದ ಪಂಕ್ತಿಯಲ್ಲಿ ಕೂತು "ಬೆಕ್ಕಿಗೆ ಈಗ ಹೇಗುಂಟು?" ಅಂತ ಕೇಳಿದವರೂ ಇದ್ದಾರೆ. ಒಬ್ಬೊಬ್ಬರಿಗೂ ಪೂರ್ತಿ ಕಥೆ ಹೇಳಲು ಆಗಲಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಮೊಲೆಗಳ ಬಾವು ಪೂರ್ತಿ ಇಳಿದಿದೆ. ಅದು ಕ್ಯಾನ್ಸರ್ ಆಗಿರಲಿಲ್ಲ. ಸಹಾಯ ಮಾಡಿದವರಲ್ಲಿ ಕೆಲವರು ಹೆಸರು ಹಾಕಬೇಡಿ ಎಂದರು, ಅದಕ್ಕೆ ಯಾರ ಹೆಸರನ್ನೂ ಹಾಕಿಲ್ಲ. ಓದಿದರೆ ನಿಮ್ಮ ನಿಮ್ಮ ಪಾಲು ನಿಮಗೇ ಗೊತ್ತಾಗುತ್ತದೆ.

ಮೊದಲ ಥ್ಯಾಂಕ್ಸ್ ಶಾರ್ಜಾಕ್ಕೆ ಹೋಗಬೇಕು. ಡಾಕ್ಟ್ರಿಗಿಂತ ಮೊದಲು ಅವರಿಗೆ ಯಾಕೆ ಅಂತ ಕೇಳಬಹುದು. ಹೇಳುತ್ತೇನೆ.

ಬೊಳ್ಳಿ ಮೊದಲು ಇದ್ದದ್ದು ನೀರ್ಚಾಲು ಕಡೆಯ ಒಂದು ಮನೆಯಲ್ಲಿ. ಮಕ್ಕಳ ಪರೀಕ್ಷೆ ಮುಗಿದ ಮೇಲೆ ಆ ಮನೆಯವರು ಗಲ್ಫಿಗೆ, ಶಾರ್ಜಾಕ್ಕೆ ಹೋದರು. ಹೋಗುವಾಗ ಬುಟ್ಟಿ, ತಟ್ಟೆ ಸಮೇತ ಬೆಕ್ಕನ್ನು ನಮ್ಮ ಮನೆಯಲ್ಲಿ ಬಿಟ್ಟರು. ಆಗ ಅವಳಿಗೆ ಎರಡು ವರ್ಷವೂ ತುಂಬಿರಲಿಲ್ಲ. ಬೆಳ್ಳಗೆ, ಸಪೂರ, ಯಾರ ಮಡಿಲಾದರೂ ಸೈ ಅನ್ನುವ ಜಾತಿ. ಬಂದ ಮೂರನೇ ದಿನಕ್ಕೆ ಅಪ್ಪನ ಈಸಿಚೇರು ಅವಳದ್ದಾಯಿತು.

ಮಳೆ ಶುರುವಾಗುವ ಹೊತ್ತಿಗೆ ಹಿಂದಿನ ಎರಡು ಮೊಲೆಗಳು ಊದಿದ್ದು ಕಂಡಿತು. ಬೆಕ್ಕಿಗೆ ಸಾಮಾನ್ಯವಾಗಿ ಎಂಟು ಮೊಲೆ, ಆಚೆ ನಾಲ್ಕು ಈಚೆ ನಾಲ್ಕು. ಒಂದು ವಾರದೊಳಗೆ ಎಂಟೂ ಊದಿದವು. ಹಿಂದಿನವು ನಿಂಬೆಹಣ್ಣಿನಷ್ಟಾದವು. ಚರ್ಮ ಬಿಗಿದು ನೇರಳೆ ಬಣ್ಣಕ್ಕೆ ತಿರುಗಿತು. ಕಾಲು ಅಗಲಿಸಿ ನಡೆಯುತ್ತಿದ್ದಳು. ಮೆಟ್ಟಿಲು ಹತ್ತುವಾಗ ಹೊಟ್ಟೆ ಕಲ್ಲಿಗೆ ತಾಗುತ್ತಿತ್ತು. ಆದರೆ ಹಾಲು ಇಲ್ಲ, ಜ್ವರ ಇಲ್ಲ. ಊಟ ಸ್ವಲ್ಪ ಕಮ್ಮಿ, ಅಷ್ಟೇ.

ಪಕ್ಕದ ಮನೆಯವರು ಗಬ್ಬ ಎಂದರು. ಅಮ್ಮ ಕೆಚ್ಚಲು ಬಾವು ಎಂದರು. ಹಟ್ಟಿಯಲ್ಲಿ ಕಾಸರಗೋಡು ಗಿಡ್ಡ ದನ ಸಾಕಿದವರು ಅವರು, ಕೆಚ್ಚಲು ಬಾವು ಅವರಿಗೆ ಹೊಸತಲ್ಲ. ಲೋಳೆಸರ, ಅರಿಶಿನ, ಸುಣ್ಣ ಅರೆದು ದನಕ್ಕೆ ಹಚ್ಚುವ ಮದ್ದು ನಮ್ಮಲ್ಲಿ ನಡೆಯುತ್ತದೆ, ಗುಣವೂ ಆಗುತ್ತದೆ. ಅಮ್ಮ ಲೋಳೆಸರ ಕೊಯ್ದು ತಂದೂ ಆಗಿತ್ತು. ಆದರೆ ದನ ತನ್ನ ಕೆಚ್ಚಲನ್ನು ಸುಲಭಕ್ಕೆ ನೆಕ್ಕುವುದಿಲ್ಲ. ಬೆಕ್ಕು ಮೈಗೆ ಏನು ಹಚ್ಚಿದರೂ ಕೂಡಲೇ ನೆಕ್ಕುತ್ತದೆ. ಸುಣ್ಣ ನಾಲಿಗೆಗೆ, ಹೊಟ್ಟೆಗೆ ಹೋದರೆ ಸುಡುತ್ತದೆ. ಇದನ್ನು ಅಮ್ಮನಿಗೆ ಹೇಳಿ ತಡೆದದ್ದು ಮೃಗಾಸ್ಪತ್ರೆಯ ಅಟೆಂಡರ್ ಅಣ್ಣ, ಅದೂ ಫೋನಿನಲ್ಲಿ, ರಾತ್ರಿ ಎಂಟರ ಮೇಲೆ. ಅವರಿಗೊಂದು ಥ್ಯಾಂಕ್ಸ್. ಅಮ್ಮ ಲೋಳೆಸರವನ್ನು ತಲೆಗೆ ಹಚ್ಚಿಕೊಂಡರು.

ನಾವು ಮೊದಲು ಹೋದದ್ದು ಒಂದು ಖಾಸಗಿ ಕ್ಲಿನಿಕ್ಕಿಗೆ. ಮುಟ್ಟಿ ನೋಡಿದ ಕೂಡಲೇ ಕ್ಯಾನ್ಸರ್ ಎಂದರು. ಎರಡೂ ಬದಿಯ ಮೊಲೆಗಳ ಸಾಲನ್ನೇ ತೆಗೆಯಬೇಕು, ತಡ ಮಾಡಬೇಡಿ ಎಂದರು. ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಅವರು ಹೆದರಿಸಲು ಹಾಗೆ ಹೇಳಿದರು ಅಂತ ನಾನು ಈಗ ಅಂದುಕೊಳ್ಳುವುದಿಲ್ಲ. ಬೆಕ್ಕಿನ ಮೊಲೆಯಲ್ಲಿ ಬರುವ ಗಡ್ಡೆಗಳಲ್ಲಿ 80ರಿಂದ 90 ಶೇಕಡಾ ಕೆಟ್ಟ ಗಡ್ಡೆಗಳೇ. ನಾಯಿಗಳಲ್ಲಿ ಅರ್ಧದಷ್ಟು ಮಾತ್ರ ಹಾಗಿರುತ್ತವೆ. ಬೆಕ್ಕಿನ ಗಡ್ಡೆ ನೋಡಿದ ಡಾಕ್ಟರಿಗೆ ಮೊದಲು ಆ ಯೋಚನೆ ಬಂದರೆ ಆಶ್ಚರ್ಯ ಇಲ್ಲ. ಆದರೆ ವಯಸ್ಸನ್ನಾದರೂ ಕೇಳಬೇಕಿತ್ತು, ಅಲ್ವಾ?

ಅದನ್ನು ಕೇಳಿದವರು ಸರಕಾರಿ ಮೃಗಾಸ್ಪತ್ರೆಯ ಡಾಕ್ಟ್ರು. ತೆಂಕಣದ ಕಡೆಯವರು, ಕನ್ನಡ ಬಾರದು. ನನ್ನ ಮಲಯಾಳ ಬಸ್ ಟಿಕೇಟು ತೆಗೆಯುವಷ್ಟು. ನಡುವೆ ಅದೇ ಅಟೆಂಡರ್ ಅಣ್ಣ ತುಳುವಿನಲ್ಲಿ ದಾಟಿಸುತ್ತಿದ್ದರು. ಡಾಕ್ಟ್ರು ಬೊಳ್ಳಿಯನ್ನು ಮುಟ್ಟುವ ಮೊದಲು ಸುಮಾರು ಹೊತ್ತು ಸುಮ್ನೆ ಪ್ರಶ್ನೆ ಕೇಳಿದರು. ಎಷ್ಟು ವಯಸ್ಸು? ಆಪರೇಷನ್ ಆಗಿದೆಯಾ? ಮರಿ ಹಾಕಿದ್ದಾಳಾ? ಊತ ಬಂದು ಎಷ್ಟು ದಿನ? ಒಂದರಲ್ಲಿ ಮಾತ್ರವಾ, ಎಲ್ಲದರಲ್ಲೂ ಒಟ್ಟಿಗೇ ಬಂತಾ? ಕೊನೆಗೆ, ಬೆದೆ ನಿಲ್ಲಿಸಲು ಏನಾದರೂ ಇಂಜೆಕ್ಷನ್ ಕೊಡಿಸಿದ್ದೀರಾ?

ಅದು ನಮಗೆ ಗೊತ್ತಿರಲಿಲ್ಲ. ಶಾರ್ಜಾಕ್ಕೆ ಫೋನ್ ಮಾಡಿದೆವು.

ಆ ಮನೆಯ ಅಕ್ಕ ಒಂದು ಕ್ಷಣವೂ ತಡವರಿಸಲಿಲ್ಲ. ಹೌದು, ಹೊರಡುವ ಮೊದಲು ಒಂದು ಇಂಜೆಕ್ಷನ್ ಕೊಡಿಸಿದ್ದೆವು ಎಂದರು. ಬೆಕ್ಕು ರಾತ್ರಿಯಿಡೀ ಕೂಗಿ ಹೊಸ ಮನೆಯವರಿಗೆ ತೊಂದರೆ ಆಗಬಾರದು ಅಂತ. ಗಂಡನ ಹಳೆ ಮೊಬೈಲ್ ಹುಡುಕಿ, ಅದರಲ್ಲಿದ್ದ ಬಿಲ್ಲಿನ ಫೋಟೋವನ್ನೂ ಕಳಿಸಿದರು. ಅದರಲ್ಲಿ ಮೆಡ್ರಾಕ್ಸಿಪ್ರೊಜೆಸ್ಟರಾನ್ ಅಂತ ಇತ್ತು. ಗೊತ್ತಿಲ್ಲ, ನೆನಪಿಲ್ಲ ಅಂದಿದ್ದರೆ ನಾವು ಮತ್ತೆ ಕೇಳುತ್ತಿರಲಿಲ್ಲ. ತಮ್ಮಿಂದಲೇ ಹೀಗಾಯಿತಾ ಅಂತ ಆಮೇಲೆ ಅತ್ತರು. ಅಕ್ಕಾ, ನೀವು ಇದನ್ನು ಓದುತ್ತೀರಿ ಅಂತ ಗೊತ್ತು. ನೀವು ನಮ್ಮ ಮೇಲಿನ ಕಾಳಜಿಯಿಂದ ಕೊಡಿಸಿದ್ದು. ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದಿರಿ. ಬೊಳ್ಳಿಯ ಮೈಮೇಲೆ ಕತ್ತರಿ ಆಡದೆ ಉಳಿದದ್ದು ಆ ಒಂದು ಮಾತಿನಿಂದ.

ಈ ಇಂಜೆಕ್ಷನ್ನಿನ ವಿಷಯ ಸ್ವಲ್ಪ ಹೇಳಬೇಕು. ನಮ್ಮಲ್ಲಿ ಇದನ್ನು ಜಾಸ್ತಿ ಜನ ಕೊಡಿಸುತ್ತಾರೆ. ಪ್ರೊಜೆಸ್ಟರಾನ್ ಅನ್ನುವುದು ಗಬ್ಬದ ಹಾರ್ಮೋನು. ಮೊಲೆಗಳನ್ನು ಹಾಲಿಗೆ ತಯಾರು ಮಾಡುವ ಕೆಲಸವೂ ಅದರದ್ದು. ಬೆಕ್ಕಿನಲ್ಲಿ ಸಾಧಾರಣವಾಗಿ ಗಂಡಿನ ಜೊತೆ ಸೇರಿದ ಮೇಲಷ್ಟೇ ಮೊಟ್ಟೆ ಬಿಡುಗಡೆಯಾಗಿ ಈ ಹಾರ್ಮೋನು ಏರುತ್ತದೆ. ಇಂಜೆಕ್ಷನ್ ಕೊಟ್ಟಾಗ ಅದರದೇ ಜಾತಿಯ ಔಷಧ ತಿಂಗಳುಗಟ್ಟಲೆ ಮೈಯಲ್ಲಿ ಉಳಿಯುತ್ತದೆ. ಹೆಂಗಸರಿಗೆ ಸರಕಾರಿ ಆಸ್ಪತ್ರೆಯಲ್ಲಿ ಮೂರು ತಿಂಗಳಿಗೊಮ್ಮೆ ಕೊಡುವ 'ಅಂತರಾ' ಇಂಜೆಕ್ಷನ್ನಿನಲ್ಲಿರುವುದೂ ಇದೇ ಔಷಧ. ಮನುಷ್ಯರ ಲೆಕ್ಕ ಬೇರೆ, ಅದನ್ನು ಇದಕ್ಕೆ ತಂದು ಗಂಟು ಹಾಕಬೇಡಿ. ಬೆಕ್ಕಿನ ಮೊಲೆ ಮಾತ್ರ ಈ ಹಾರ್ಮೋನಿಗೆ ತುಂಬಾ ಸೂಕ್ಷ್ಮ. ಕೆಲವು ಬೆಕ್ಕುಗಳಲ್ಲಿ ಗ್ರಂಥಿಗಳು ಹಿಡಿತ ತಪ್ಪಿ ಬೆಳೆಯುತ್ತವೆ. ಇದಕ್ಕೆ ಫೈಬ್ರೋಅಡಿನೊಮ್ಯಾಟಸ್ ಹೈಪರ್‌ಪ್ಲೇಸಿಯಾ ಅಂತ ಉದ್ದ ಹೆಸರು. ಇಂಜೆಕ್ಷನ್ ಇಲ್ಲದೆಯೂ ಬರಬಹುದು. ಈಗಷ್ಟೇ ಬೆದೆಗೆ ಬಂದ ಎಳೆ ಬೆಕ್ಕುಗಳಿಗೆ, ಗಬ್ಬದ ಬೆಕ್ಕುಗಳಿಗೆ ಬರುತ್ತದೆ. ನೋಡಲು ಕ್ಯಾನ್ಸರಿಗಿಂತ ಭಯಂಕರ, ಆದರೆ ಕ್ಯಾನ್ಸರ್ ಅಲ್ಲ. ಹಾರ್ಮೋನಿನ ಆಟ ನಿಂತರೆ ಊತ ತಾನಾಗಿ ಇಳಿಯುತ್ತದೆ.

ಡಾಕ್ಟ್ರು ಫೋಟೋ ನೋಡಿದ ಮೇಲೂ ಅಲ್ಲಿಗೇ ನಿಲ್ಲಿಸಲಿಲ್ಲ. ಜ್ವರ ನೋಡಿದರು, 101.5 ಡಿಗ್ರಿ. ಬೆಕ್ಕಿಗೆ 102.5ರ ತನಕ ಸರಿ. ಕೆಚ್ಚಲು ಬಾವು ಆಗಿದ್ದರೆ ಮುಟ್ಟಿದರೆ ಬಿಸಿ, ನೋವು, ಹಾಲಿನ ಬಣ್ಣ ಕೆಟ್ಟಿರುವುದು ಕಾಣುತ್ತಿತ್ತು. ಅದು ಹೆಚ್ಚಾಗಿ ಮರಿ ಹಾಲು ಕುಡಿಯುವ ತಾಯಿಗೆ ಬರುವಂಥದ್ದು. ಸ್ಕ್ಯಾನ್ ಮಾಡಿಸಿದರು, ಹೊಟ್ಟೆಯಲ್ಲಿ ಮರಿ ಇರಲಿಲ್ಲ. ಸ್ಕ್ಯಾನ್ ಯಾಕೆ ಮೊದಲು ಬೇಕು ಅಂದರೆ, ಆಮೇಲೆ ಕೊಡುವ ಔಷಧಕ್ಕೆ ಗಬ್ಬ ಇದ್ದರೆ ಇಳಿದುಹೋಗುತ್ತದೆ. ಸೂಜಿಯಲ್ಲಿ ಸ್ವಲ್ಪ ಕೋಶ ಎಳೆದು ಗಾಜಿನ ಮೇಲೆ ಸವರಿ, ಮಂಗಳೂರಿಗೆ ಕಳಿಸಿ ನೋಡಿಸಿ ಎಂದರು.

ಗಾಜನ್ನು ಮಂಗಳೂರಿಗೆ ಮುಟ್ಟಿಸಿದವನು ದಿನಾ ಬೆಳಿಗ್ಗೆ ಕುಂಬಳೆಯಿಂದ ರೈಲು ಹತ್ತಿ ಕಾಲೇಜಿಗೆ ಹೋಗುವ ಹುಡುಗ. ಟಿಫಿನ್ ಬಾಕ್ಸಿನಲ್ಲಿ ಹತ್ತಿ ಇಟ್ಟು, ಅದರಲ್ಲಿ ಗಾಜು ಇಟ್ಟು, ಆ ನೂಕುನುಗ್ಗಲಿನಲ್ಲಿ ಎದೆಗೆ ಅವಚಿ ನಿಂತೇ ಹೋದನಂತೆ. ಅವನ ಊಟ ಮನೆಯಲ್ಲೇ ಉಳಿಯಿತು. ಮಾರಾಯ, ನಿನಗೆ ಒಂದು ಊಟ ಬಾಕಿ ಇದೆ. ವರದಿಯಲ್ಲಿ ಕ್ಯಾನ್ಸರಿನ ಕೋಶ ಕಾಣಲಿಲ್ಲ ಅಂತ ಬಂತು.

ಪ್ರೊಜೆಸ್ಟರಾನ್ ಕೆಲಸ ಮಾಡದ ಹಾಗೆ ತಡೆಯುವ ಔಷಧ ಅಗ್ಲೆಪ್ರಿಸ್ಟೋನ್. ಎಲ್ಲ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಡಾಕ್ಟ್ರೇ ತಮ್ಮ ಪರಿಚಯದವರನ್ನು ಕೇಳಿ ಕೇಳಿ ತರಿಸಿಕೊಟ್ಟರು. ಹಳೆ ಇಂಜೆಕ್ಷನ್ ಮೈಯಲ್ಲಿ ಇನ್ನೂ ಇದ್ದ ಕಾರಣ ಬಿಟ್ಟು ಬಿಟ್ಟು ಕೊಡಬೇಕಾಯಿತು. ಬರೇ ಗರ್ಭಕೋಶ, ಅಂಡಾಶಯ ತೆಗೆದರೆ ಆಗ ಸಾಕಾಗುತ್ತಿರಲಿಲ್ಲ, ಯಾಕೆಂದರೆ ಹಾರ್ಮೋನು ಬರುತ್ತಿದ್ದದ್ದು ಅಲ್ಲಿಂದಲ್ಲ.

ಈ ನಡುವೆ ಒಂದು ಮೊಲೆಯ ಚರ್ಮ ಬಿಗಿತಕ್ಕೆ ಒಡೆದು ಹುಣ್ಣಾಯಿತು. ಇದು ಎಲ್ಲಕ್ಕಿಂತ ಕಷ್ಟದ ಸಮಯ. ಹೊರಗೆ ಜಡಿಮಳೆ, ಒಳಗೆ ಕರೆಂಟಿಲ್ಲ, ಹುಣ್ಣು ಒಣಗುವುದಿಲ್ಲ. ಡೆಟ್ಟಾಲ್ ಹಾಕಬಾರದು, ಅದು ಬೆಕ್ಕಿಗೆ ವಿಷ. ನೋವಿಗೆ ನಾವು ನುಂಗುವ ಪ್ಯಾರಸಿಟಮಾಲ್ ಅಂತೂ ಬೇಡವೇ ಬೇಡ, ಒಂದು ಮಾತ್ರೆಗೆ ಬೆಕ್ಕು ಸಾಯಬಹುದು. ಗ್ಲೂಕೋಸ್ ಬಾಟಲಿಯ ಹಾಗೆ ಬರುವ ಸಲೈನ್ ನೀರಿನಿಂದ ತೊಳೆದೆವು. ತಣ್ಣೀರಿನ ಬಟ್ಟೆ ಇಟ್ಟೆವು. ಆಂಟಿಬಯೋಟಿಕ್ ಕೊಟ್ಟೆವು. ಹುಣ್ಣು ನೆಕ್ಕದ ಹಾಗೆ ಕುತ್ತಿಗೆಗೆ ಕೋನ್ ಹಾಕಿದರೆ ಹಟ ಹಿಡಿದು ಊಟ ಬಿಟ್ಟಳು. ಆಗ ಬಸ್‌ಸ್ಟ್ಯಾಂಡ್ ಹತ್ತಿರದ ಟೈಲರ್ ಅಕ್ಕ ಮಗನ ಹಳೆ ಬನಿಯನ್ ಕತ್ತರಿಸಿ ನಾಲ್ಕು ಕಾಲಿಗೆ ತೂತು ಬಿಟ್ಟು, ಬೆನ್ನಿನ ಮೇಲೆ ಗಂಟು ಹಾಕುವ ಅಂಗಿ ಹೊಲಿದುಕೊಟ್ಟರು. ಓಣಂ ಬಟ್ಟೆಯ ರಾಶಿ ಬಾಕಿ ಇದ್ದಾಗಲೂ ಬೊಳ್ಳಿಯ ಅಳತೆ ತೆಗೆದುಕೊಂಡರು. ದುಡ್ಡು ಕೊಟ್ಟರೆ ಬೈದರು.

ಮೀನಿನ ಅಕ್ಕನಿಗೂ ಹೇಳಲೇಬೇಕು. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರ ತನಕ ಟ್ರಾಲಿಂಗ್ ಬೋಟುಗಳಿಗೆ ನಿಷೇಧ. ಬೂತಾಯಿ ಮೀನಿಗೆ ಚಿನ್ನದ ಬೆಲೆ. ಬೊಳ್ಳಿ ಆ ದಿನಗಳಲ್ಲಿ ಬೇರೆ ಏನನ್ನೂ ಮೂಸುತ್ತಿರಲಿಲ್ಲ. ದೋಣಿಯವರು ತಂದದ್ದರಲ್ಲಿ ಸಣ್ಣ ನಾಲ್ಕು ಮೀನನ್ನು ಬುಟ್ಟಿಯ ಮೂಲೆಯಲ್ಲಿ ಬೇರೆ ಕಟ್ಟಿ, "ಇದು ಮಾರುವುದಕ್ಕಲ್ಲ, ಪುಚ್ಚೆಗೆ" ಅಂತ ಕೊಟ್ಟು ಹೋಗುತ್ತಿದ್ದರು. ಬೆಕ್ಕಿಗೆ ಇಷ್ಟೊಂದು ಖರ್ಚಾ ಅಂತ ಮೂಗು ಮುರಿದ ನಮ್ಮ ಮಾವ ಕೂಡ ಆಮೇಲೆ ರಿಕ್ಷಾ ಬಾಡಿಗೆ ಕೊಟ್ಟರು. ಮಾತು ವಾಪಸ್ ತೆಗೆದುಕೊಂಡಿಲ್ಲ, ದುಡ್ಡು ಕೊಟ್ಟರು, ಅಷ್ಟೇ. ನನಗೆ ಅದು ಸಾಕು.

ಊತ ಇಳಿಯುತ್ತಾ ಬಂತು. ಮೊದಲು ಚರ್ಮದ ಬಣ್ಣ ತಿರುಗಿತು, ಆಮೇಲೆ ಗಟ್ಟಿ ಮೆತ್ತಗಾಯಿತು. ಈಗ ಹೊಟ್ಟೆಯ ಚರ್ಮ ಸ್ವಲ್ಪ ಜೋತಾಡುತ್ತದೆ, ಬೇರೇನೂ ಇಲ್ಲ. ಬಾವು ಪೂರ್ತಿ ಹೋದ ಮೇಲೆ ಸಂತಾನ ನಿಲ್ಲಿಸುವ ಆಪರೇಷನ್ ಮಾಡಿಸಿದೆವು. ಹೊಟ್ಟೆಯ ನಡುವೆ ಕೊಯ್ಯದೆ ಪಕ್ಕೆಯಿಂದ ಮಾಡಿದರು, ಮೊಲೆಗಳ ಜಾಗ ಮುಟ್ಟದ ಹಾಗೆ. ಇನ್ನು ಬೆದೆಯೂ ಇಲ್ಲ, ಇಂಜೆಕ್ಷನ್ನಿನ ಯೋಚನೆಯೂ ಇಲ್ಲ.

ಡಾಕ್ಟ್ರಿಗೆ ಥ್ಯಾಂಕ್ಸ್ ಹೇಳಲು ಹೋದಾಗ ಅವರು ಕೈಮುಗಿಸಿಕೊಳ್ಳಲಿಲ್ಲ, ಇದನ್ನು ನಿಮ್ಮ ಊರಿನವರಿಗೆ ಹೇಳಿ ಎಂದರು. ಹಾಗಾಗಿ ಅವರ ಮಾತನ್ನು ಇಲ್ಲಿ ಹಾಕುತ್ತಿದ್ದೇನೆ. ಹೆಣ್ಣು ಬೆಕ್ಕಿಗೆ ಆರು ತಿಂಗಳೊಳಗೆ ಆಪರೇಷನ್ ಮಾಡಿಸಿದರೆ ಮೊಲೆಯ ಕ್ಯಾನ್ಸರಿನ ಅಪಾಯ ಸುಮಾರು 91 ಶೇಕಡಾ ಕಮ್ಮಿ. ವರ್ಷ ತುಂಬುವ ಮೊದಲಾದರೆ 86. ಎರಡು ವರ್ಷ ದಾಟಿದ ಮೇಲೆ ಆ ಲಾಭ ಹೆಚ್ಚುಕಡಿಮೆ ಇಲ್ಲ. ಬೆದೆ ನಿಲ್ಲಿಸುವ ಇಂಜೆಕ್ಷನ್ ಸುಲಭ ಅಂತ ಕಂಡರೂ ಬೇಡ. ಹತ್ತು ವರ್ಷ ದಾಟಿದ ಬೆಕ್ಕಿನ ಮೊಲೆಯಲ್ಲಿ ಕಡಲೆಯಷ್ಟು ಗಂಟು ಸಿಕ್ಕಿದರೂ ಕಾಯಬೇಡಿ. ಎರಡು ಸೆಂಟಿಮೀಟರಿಗಿಂತ ಸಣ್ಣದಿರುವಾಗ ತೆಗೆದ ಬೆಕ್ಕುಗಳು ಜಾಸ್ತಿ ಕಾಲ ಬದುಕುತ್ತವೆ. ಎಳೆ ಬೆಕ್ಕಿಗೆ ಎಲ್ಲ ಮೊಲೆ ಒಟ್ಟಿಗೆ ಊದಿದರೆ, ಕತ್ತರಿ ಹಿಡಿಯುವ ಮೊದಲು ಹಾರ್ಮೋನಿನ ಪ್ರಶ್ನೆ ಕೇಳಿಸಿ. ಬೆಕ್ಕು ಬೇರೆ ಮನೆಯಿಂದ ಬಂದಿದ್ದರೆ ಆ ಮನೆಗೆ ಫೋನ್ ಮಾಡಿ.

ಬೊಳ್ಳಿಯ ಎರಡು ಬನಿಯನ್ ಅಂಗಿ ಒಗೆದು ಇಟ್ಟಿದ್ದೇನೆ. ಕೋನ್ ಒಂದಿದೆ, ಹೊಸತರ ಹಾಗೇ ಇದೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಯಾರಿಗಾದರೂ ಬೇಕಿದ್ದರೆ ಹೇಳಿ. ಕಾಲೇಜು ಹುಡುಗ ಕುಂಬಳೆಗೂ ತಲುಪಿಸುತ್ತಾನಂತೆ.