ಕ್ರಾಸಿಗೆ ದೀಪ ಹಾಕಿಸುವ ಮುನ್ನ: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ಹಳ್ಳಿ ರಸ್ತೆ ಹೆದ್ದಾರಿಗೆ ಸೇರುವ ಕಡೆ ಬೀದಿದೀಪ ಹಾಕಿಸಿ ಎಂಬ ಅರ್ಜಿಗಳು ನಿಮ್ಮ ಮೇಜಿನ ಮೇಲೆ ಬೇಕಾದಷ್ಟು ಬಿದ್ದಿರಬಹುದು. ಇದೂ ಅಂಥದ್ದೇ. ಆದರೆ ದೀಪ ಎಲ್ಲಿ ನಿಲ್ಲಬೇಕು ಎಂಬ ಸಣ್ಣ ತಕರಾರೂ ಇದರಲ್ಲಿದೆ.

ರಾತ್ರಿ ಹೊತ್ತು ಕ್ರಾಸಿನಲ್ಲಿ ಟ್ರ್ಯಾಕ್ಟರ್ ದಾಟುವುದನ್ನು ನೋಡಿದ್ದೀರಾ? ಎಂಜಿನ್ ಆಗಲೇ ಎದುರಿನ ಮಣ್ಣುರಸ್ತೆಗೆ ಇಳಿದಿರುತ್ತದೆ, ಹೆಡ್‌ಲೈಟು ಹೊಲದ ಮೇಲೆ ಬೀಳುತ್ತಿರುತ್ತದೆ. ಟ್ರೇಲರ್ ಮಾತ್ರ ಇನ್ನೂ ಹೆದ್ದಾರಿಗೆ ಅಡ್ಡ. ಅದರ ಪಕ್ಕಕ್ಕೆ ದೀಪವಿಲ್ಲ. ಹೊಳೆಯುವ ಪಟ್ಟಿ ಅಂಟಿಸಿದ್ದರೂ ಕೆಸರು ಮೆತ್ತಿರುತ್ತದೆ. ದೂರದಿಂದ ಬರುವ ಕಾರಿನವನಿಗೆ ರಸ್ತೆಯಾಚೆ ಒಂದು ಬೆಳಕು ಕಾಣುತ್ತದೆ, ನಡುವೆ ಬರೀ ಕತ್ತಲು. ಆ ಕತ್ತಲನ್ನೇ ಖಾಲಿ ರಸ್ತೆ ಅಂದುಕೊಂಡು ನುಗ್ಗುತ್ತಾನೆ.

ಗಂಟೆಗೆ 80 ಕಿ.ಮೀ. ಎಂದರೆ ಸೆಕೆಂಡಿಗೆ 22 ಮೀಟರ್. ಕಂಡದ್ದು ಏನೆಂದು ಹೊಳೆದು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಹಿಡಿದರೆ ಅಲ್ಲಿಗೇ 33 ಮೀಟರ್ ಮುಗಿಯಿತು. ಒಣ ರಸ್ತೆಯಲ್ಲೂ ಗಾಡಿ ನಿಲ್ಲಲು ಮತ್ತೆ ಹೆಚ್ಚುಕಡಿಮೆ ಅಷ್ಟೇ ದೂರ ಬೇಕು. ಡಿಮ್ ಲೈಟಿನಲ್ಲಿ ಕಪ್ಪು ಬಟ್ಟೆ ತೊಟ್ಟವರು ಅಷ್ಟು ದೂರದಿಂದ ಕಾಣುವುದು ಕಷ್ಟ.

ಇನ್ನು ತಕರಾರು. ದೀಪ ಮಂಜೂರಾದರೆ ಮೊದಲೇ ಇರುವ ಕರೆಂಟ್ ಕಂಬಕ್ಕೇ ಸಿಕ್ಕಿಸಿಬಿಡುತ್ತಾರೆ. ಕಂಬ ಮೂಲೆಯಲ್ಲಿದ್ದರೆ ಚರಂಡಿಗೆ ಬೆಳಕು. ದಾಟುವವರ ನೆತ್ತಿಯ ಮೇಲೇ ಇದ್ದರೆ ತಲೆಗೂದಲು ಬೆಳಗುತ್ತದೆ, ಗಾಡಿಯವನ ಕಡೆಗಿರುವ ಮೈ ನೆರಳಲ್ಲೇ ಉಳಿಯುತ್ತದೆ. ಗಾಡಿ ಬರುವ ದಿಕ್ಕಿನಲ್ಲಿ, ದಾಟುವ ಜಾಗಕ್ಕಿಂತ ತುಸು ಮೊದಲೇ ದೀಪವಿರಬೇಕು. ಎರಡೂ ಕಡೆಯಿಂದ ಗಾಡಿ ಬರುವುದರಿಂದ ಒಂದು ಕಂಬ ಸಾಲದು. ಹಾಗೆಂದು ಕಣ್ಣು ಕುಕ್ಕುವ ದೀಪವೂ ಬೇಡ. ಉದ್ಘಾಟನೆಯ ಫೋಟೋ ಅದರ ಕೆಳಗೆ ಚೆನ್ನಾಗಿ ಬರುತ್ತದೆ, ನಿಜ. ಆದರೆ ಅದನ್ನು ದಾಟಿ ಕತ್ತಲಿಗೆ ಹೊಕ್ಕವನಿಗೆ ಒಂದೆರಡು ಗಳಿಗೆ ಏನೂ ಕಾಣದು. ಬೆಳಕು ನೆಲಕ್ಕೆ ಬೀಳುವಂತೆ ಮೇಲೊಂದು ಮರೆ ಇರಲಿ.

ವಿದ್ಯುತ್ ತಂತಿ ತಲುಪದ ಕಡೆ ದೀಪಕ್ಕಾಗಿ ವರ್ಷಗಟ್ಟಲೆ ಕಾಯಿಸಬೇಡಿ. ಅಡ್ಡರಸ್ತೆಯ ಬಾಯಿಗೆ ಬೆಳೆದ ಪೊದೆ ಸವರಿಸಿ, ಹೆಡ್‌ಲೈಟಿಗೆ ಹೊಳೆಯುವ ಫಲಕ ನೆಡಿಸಿ.

ಕೆಟ್ಟ ದೀಪ ಯಾರು ರಿಪೇರಿ ಮಾಡಬೇಕು ಎಂಬುದನ್ನೂ ಮಂಜೂರಾತಿ ಆದೇಶದಲ್ಲೇ ಬರೆಸಿ. ನಾನು ದಿನಾ ದಾಟುವ ಕ್ರಾಸಿನಲ್ಲಿ ಕಂಬ ಒಬ್ಬರದು, ಬಿಲ್ಲು ಇನ್ನೊಬ್ಬರದು. ದೀಪ ಹಗಲೆಲ್ಲ ಉರಿದು ಕೊನೆಗೊಂದು ದಿನ ಆರಿತು. ಕೇಳಲು ಹೋದರೆ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸಿದರು. ಕಂಬಕ್ಕೊಂದು ನಂಬರು, ಕೆಳಗೆ ಹೊಣೆ ಹೊತ್ತವರ ಫೋನ್ ನಂಬರು, ಇಷ್ಟಾದರೂ ಬರೆಸಿ.

ಜಾಗ ನೋಡಲು ಬರುವುದಾದರೆ ಕತ್ತಲಾದ ಮೇಲೆ ಬನ್ನಿ. ಮುಂದೆ ಬೆಂಗಾವಲು ಗಾಡಿ ಬೇಡ, ಅಡ್ಡರಸ್ತೆಯಿಂದ ಬೈಕಿನಲ್ಲಿ ನೀವೇ ಹೆದ್ದಾರಿಗೆ ಹತ್ತಿ ನೋಡಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ