ಮರಳ ದಿಬ್ಬ ಹತ್ತುವ ಮಗಳಿಗೆ

ಪುಟ್ಟೀ,

ಪಕ್ಕದ ತೋಟದ ಹುಡುಗ ಬುಧವಾರ ದುಬೈಗೆ ಹೊರಟಿದ್ದಾನೆ. ಅವನ ಕೈಲಿ ಕಾಫಿಪುಡಿ, ಈ ವರ್ಷದ ಕರಿಮೆಣಸು, ನಿಮ್ಮಮ್ಮ ಮಾಡಿದ ಕೋಡುಬಳೆ ಕಳಿಸುತ್ತಿದ್ದೇವೆ. ಜೊತೆಗೆ ಈ ಕಾಗದ. ಫೋನಿನಲ್ಲಿ ನನ್ನ ದನಿ ಬೇಗ ಏರುತ್ತದೆ, ಅದಕ್ಕೇ ಬರೆಯಲು ಕೂತೆ. ನೀನು ಹಲಗೆ ಕಟ್ಟಿಕೊಂಡು ಮರಳ ದಿಬ್ಬದಿಂದ ಜಾರುವುದರ ಬಗ್ಗೆ ಭಾನುವಾರ ಫೋನಿನಲ್ಲಿ ಆದ ಜಗಳ ಇಬ್ಬರಿಗೂ ಗೊತ್ತಿದೆ, ಮತ್ತೆ ಕೆದಕುವುದಿಲ್ಲ. ಕೊನೆಯಲ್ಲಿ "ಕೈಕಾಲು ಮುರ್ಕೊಂಡ್ರೆ ನನಗೆ ಹೇಳ್ಬೇಡ" ಅಂದೆನಲ್ಲ, ಅದೊಂದು ಮಾತನ್ನು ಮರೆತುಬಿಡು. ಏನೇ ಆದರೂ ಮೊದಲು ನನಗೇ ಹೇಳು.

ನೀನು ಕಳಿಸಿದ ವಿಡಿಯೊ ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ದಿಬ್ಬದ ನೆತ್ತಿಯಲ್ಲಿ ಕೂತು ಎರಡೂ ಕಾಲು ಹಲಗೆಗೆ ಬಿಗಿದುಕೊಂಡು ಎದ್ದು ನಿಲ್ಲುತ್ತೀಯ. ಜಾರಲು ಶುರು. ನಾಲ್ಕೈದು ಮಾರು ಹೋಗುವಷ್ಟರಲ್ಲಿ ಹಲಗೆಯ ಮೂತಿ ಮರಳಿಗೆ ಕಚ್ಚಿ ಬೀಳುತ್ತೀಯ. ಎಲ್ಲರೂ ನಗುತ್ತಾರೆ, ನೀನೂ ನಗುತ್ತೀಯ. ನಾನು ಮಾತ್ರ ಅಲ್ಲೇ ನಿಲ್ಲಿಸಿ ನೋಡಿದೆ. ಬೀಳುವಾಗ ಎಡಗೈ ಚಾಚಿ ಮರಳಿಗೆ ಊರಿದ್ದೀಯ. ಅದೇ ಎಡಗೈ.

ಚಿಕ್ಕವಳಿದ್ದಾಗ ನೀನು ಕೂತು ಜಾರಿದ ಆ ಅಡಿಕೆ ಹಾಳೆ ನಾನೇ ತಂದುಕೊಟ್ಟದ್ದು ಪುಟ್ಟಿ. ಅಡಿಕೆ ಮರದ ಬುಡದಲ್ಲಿ ಬಿದ್ದಿದ್ದರಲ್ಲಿ ಅಗಲವಾದದ್ದನ್ನೇ ಹುಡುಕಿ, ಹಿಡಿದುಕೊಳ್ಳಲು ದಂಟನ್ನು ಉದ್ದಕ್ಕೇ ಬಿಟ್ಟು, ಗರಿ ಕಡಿದು ಕೊಟ್ಟಿದ್ದೆ. ಅಂಗಳದಲ್ಲಿ ಎಳೆದಾಡಿಕೊಳ್ಳಿ, ಕಣದ ಆಚೆಗಿನ ಇಳಿಜಾರಿಗೆ ಹೋಗಬೇಡಿ ಅಂದಿದ್ದೆ. ನಿನಗೆ ಎಂಟು ವರ್ಷ. ಕಣದ ತುಂಬ ರೋಬಸ್ಟಾ ಕಾಫಿ ಹಣ್ಣು ಹರಡಿತ್ತು, ಮಧ್ಯಾಹ್ನದ ಬಿಸಿಲಿಗೆ ಮೋಡ ಬಂದು, ಎಲ್ಲಿ ಮಳೆ ಹನಿಯುತ್ತದೋ ಅಂತ ನಾನು ಟಾರ್ಪಾಲು ಎಳೆಯುವ ಗಡಿಬಿಡಿಯಲ್ಲಿದ್ದೆ. ನೀನು ಕೆಳಗಿನ ಗದ್ದೆಯಿಂದ ಏರಿ ಬಂದೆ. ಲಂಗದ ತುಂಬ ಕೆಸರು. ಹೇಳಿದ ಮಾತು ಕೇಳಲಿಲ್ಲ ಅನ್ನುವುದೊಂದೇ ನನಗೆ ಕಂಡದ್ದು. ಏನಾಯ್ತು ಅಂತ ಕೇಳುವ ಮೊದಲೇ ಕೆನ್ನೆಗೆ ಹೊಡೆದೆ.

ಏಟು ಬಿದ್ದರೆ ಮಕ್ಕಳು ಕೆನ್ನೆ ಮುಟ್ಟಿಕೊಳ್ಳುತ್ತವೆ. ನೀನು ಮುಟ್ಟಿಕೊಳ್ಳಲಿಲ್ಲ. ನಿನ್ನ ಬಲಗೈ ಎಡಗೈಯನ್ನು ಹಿಡಿದುಕೊಂಡಿತ್ತು, ಬಿಡಲಿಲ್ಲ. ಆಗ ನೋಡಿದೆ, ಮಣಿಕಟ್ಟು ಸೊಟ್ಟಗಾಗಿತ್ತು.

ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ 30 ಕಿಲೋಮೀಟರ್, ಜೀಪಿನಲ್ಲಿ ನನ್ನ ತೊಡೆಯ ಮೇಲೆ ಕೂತಿದ್ದೆ. ಅಳುತ್ತಿರಲಿಲ್ಲ. ದಾರಿಯಲ್ಲಿ ಒಂದೇ ಸಲ ಮಾತಾಡಿದೆ: "ಹಾಳೆ ಹರಿದುಹೋಯ್ತಾ ಅಪ್ಪಾ?" ಹೊಡೆದದ್ದರ ಬಗ್ಗೆ ಆವತ್ತೂ ಏನೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ನಿನಗದು ನೆನಪಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳುವ ಧೈರ್ಯ ಇಷ್ಟು ವರ್ಷ ಬರಲಿಲ್ಲ. ಪ್ರತಿ ವರ್ಷ ಕಣಕ್ಕೆ ಹಣ್ಣು ಸುರಿಯುವಾಗ ನನಗೆ ನೆನಪಾಗುತ್ತದೆ. ತಪ್ಪು ನನ್ನದು ಮಗಳೇ.

ನೀನು ಬಿದ್ದದ್ದು ನೋಡಿದ ಮೇಲೆ ನಾನೂ ಒಂದಿಷ್ಟು ಓದಿದೆ, ವಿಡಿಯೊಗಳನ್ನು ನೋಡಿದೆ. ಕಣದಲ್ಲಿ ಕಾಫಿ ರಾಶಿ ಮಾಡುವಾಗ ನೋಡಿದ್ದೀಯಲ್ಲ, ಒಂದು ಮಟ್ಟದ ಮೇಲೆ ರಾಶಿ ಕಡಿದಾಗಿ ನಿಲ್ಲುವುದಿಲ್ಲ, ಸುರಿದಷ್ಟೂ ಬದಿಗೆ ಜಾರುತ್ತದೆ. ಒಣ ಮರಳೂ ಹಾಗೇ, ಸುಮಾರು 34 ಡಿಗ್ರಿಗಿಂತ ಕಡಿದಾಗಿ ನಿಲ್ಲುವುದಿಲ್ಲವಂತೆ. ಗಾಳಿ ಬಂದು ಬಡಿಯುವ ಕಡೆ ಇಳಿಜಾರು ನಿಧಾನ, ಅದರ ಆಚೆ ಮಗ್ಗುಲು ಕಡಿದು. ನೀವೆಲ್ಲ ಜಾರುವುದು ಆ ಕಡಿದಾದ ಮಗ್ಗುಲಲ್ಲಿ. ಹೊಸಬರು ಮೊದಲು ಕೂತೇ ಜಾರಬೇಕು, ಆಮೇಲೆ ದಿಬ್ಬದ ಅರ್ಧದಿಂದ ನಿಂತು, ನೆತ್ತಿಯಿಂದ ಕೊನೆಗೆ. ನೀನು ಮೊದಲನೇ ದಿನವೇ ನೆತ್ತಿಗೆ ಹೋಗಿದ್ದೀಯ. ಮೂತಿ ಕಚ್ಚಿದ್ದು ಯಾಕೆ ಅಂದರೆ ಭಾರ ಮುಂಗಾಲಿಗೆ ಬಿದ್ದಿತ್ತು. ಮಂಡಿ ಬಾಗಿಸು, ಭಾರ ಸ್ವಲ್ಪ ಹಿಂಗಾಲಿಗೆ ಬರಲಿ, ಕಣ್ಣು ಕಾಲಿನ ಕಡೆ ಬೇಡ, ಹೋಗುವ ಕಡೆ ಇರಲಿ. ವೇಗ ಹೆಚ್ಚಾಯಿತು ಅನ್ನಿಸಿದರೆ ಹಲಗೆಯನ್ನು ಅಡ್ಡಕ್ಕೆ ತಿರುಗಿಸು, ಅದೇ ಬ್ರೇಕು. ಬೀಳುವುದು ಖಚಿತ ಅನ್ನಿಸಿದಾಗ ಹಿಂದಕ್ಕೆ ಕುಕ್ಕರುಗಾಲಲ್ಲಿ ಕೂತುಬಿಡು. ಮುಂದಕ್ಕೆ ಬಿದ್ದರೆ ಮುಷ್ಟಿ ಮುಚ್ಚಿ ಮುಂಗೈ ಮೇಲೆ ಬೀಳು. ಅಂಗೈ ಚಾಚಿ ಊರಬೇಡ, ಊರಬೇಡ, ಊರಬೇಡ.

ಪಾಠ ಮಾಡುವುದಿಲ್ಲ ಅಂದುಕೊಂಡೇ ಕೂತೆ, ಆದರೂ ಆಯಿತು. ಇನ್ನೊಂದು ಹೇಳಿಬಿಡುತ್ತೇನೆ. ನೀನು ಹೋಗುವ ಬಿಗ್ ರೆಡ್ ದಿಬ್ಬ ದುಬೈಯಿಂದ ಹತ್ತಾ ಅನ್ನುವ ಊರಿಗೆ ಹೋಗುವ ರಸ್ತೆಯ ಪಕ್ಕದಲ್ಲಿದೆ, ಅಲ್ಲಿ ಬಗ್ಗಿ ಗಾಡಿ, ಜೀಪು ಎಲ್ಲ ಓಡಿಸುತ್ತಾರೆ. ನೆತ್ತಿಯ ಆಚೆಯಿಂದ ಏರಿ ಬರುವ ಗಾಡಿಗೆ ಈಚೆ ನಿಂತ ನೀನು ಕಾಣುವುದಿಲ್ಲ. ಮರಳಿನ ಭಯಕ್ಕಿಂತ ನನಗೆ ಅದೇ ದೊಡ್ಡ ಭಯ. ಜಾರುವ ಮುಂಚೆ ಒಬ್ಬರನ್ನು ಮೇಲೆ ನಿಲ್ಲಿಸು, ಕೆಳಗೆ ಯಾರೂ ಇಲ್ಲವೆಂದು ನೋಡಿಕೋ. ಮಧ್ಯಾಹ್ನ ಹೋಗಬೇಡ, ಮರಳು ಕಾದ ಹೆಂಚಾಗಿರುತ್ತದೆ. ತೀರ ಬೆಳಿಗ್ಗೆ ಇಬ್ಬನಿ ಬಿದ್ದಿದ್ದರೆ ಹಲಗೆ ಓಡುವುದಿಲ್ಲ. ನಮ್ಮ ಹುಲ್ಲಿನ ಇಳಿಜಾರಿನಲ್ಲಿ ಒದ್ದೆಯಾದಷ್ಟೂ ಹಾಳೆ ಜೋರಾಗಿ ಜಾರುತ್ತಿತ್ತು, ಮರಳಿನಲ್ಲಿ ಎಲ್ಲ ಉಲ್ಟಾ. ಸಂಜೆ ಹೋಗು. ಹಲಗೆಯ ತಳಕ್ಕೆ ಮೇಣ ತಿಕ್ಕುವುದನ್ನು ನೀನೇ ಕಲಿತುಕೋ, ಪ್ರತಿ ಸಲ ಇನ್ನೊಬ್ಬರನ್ನು ಕೇಳುತ್ತ ನಿಲ್ಲಬೇಡ.

ನಿಮ್ಮಮ್ಮ ಆ ವಿಡಿಯೊವನ್ನು ಕೊಯ್ಲಿಗೆ ಬಂದವರಿಗೆಲ್ಲ ತೋರಿಸಿದ್ದಾಳೆ. ನೀನು ಬೀಳುವುದಕ್ಕೆ ಮುಂಚೆಯೇ ನಿಲ್ಲಿಸಿ, "ನೋಡಿ, ಹೆಂಗೆ ನಿಂತವಳೆ" ಅನ್ನುತ್ತಾಳೆ. ನಾನು ಹತ್ತಿರ ಹೋಗಲಿಲ್ಲ, ಮೆಣಸಿನ ಚೀಲ ಹೊಲಿಯುತ್ತ ಕೂತು ಕೇಳಿಸಿಕೊಂಡೆ. ಎದೆ ತುಂಬಿ ಬಂತು. ಆ ದಿಬ್ಬ 100 ಮೀಟರ್‌ನಷ್ಟು ಎತ್ತರವಂತೆ. ಮೇಲೆ ಕರೆದೊಯ್ಯಲು ಯಂತ್ರವಿಲ್ಲ, ಒಂದೊಂದು ಸಲವೂ ಹಲಗೆ ಹೊತ್ತು ನಡೆದೇ ಹತ್ತಬೇಕು, ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಹಿಂದಕ್ಕೆ ಜಾರುತ್ತದೆ. ಆರು ಸಲ ಹತ್ತಿದೆ ಅಂದೆಯಲ್ಲ. ಭಾನುವಾರ ಅದನ್ನು ನೀನು ಹೇಳಿದಾಗ ಭೇಷ್ ಅನ್ನಬೇಕಿತ್ತು. ನಾನು ಕೈಯ ಮಾತು ಎತ್ತಿದೆ.

ಶನಿವಾರ ಮತ್ತೆ ಹೋಗುತ್ತೀಯ ಅಂತ ಅಮ್ಮ ಹೇಳಿದಳು. ಹೋಗು. ಕೋಡುಬಳೆ ಡಬ್ಬಿಯ ಕೆಳಗೆ ಒಂದು ಕವರ್ ಇದೆ. ಸ್ಕೇಟಿಂಗ್ ಮಾಡುವ ಮಕ್ಕಳು ಕಟ್ಟಿಕೊಳ್ಳುತ್ತಾರಲ್ಲ, ಮಣಿಕಟ್ಟಿಗೆ ಗಟ್ಟಿ ಪಟ್ಟಿ ಇರುವ ಆ ಕೈಗವಸು, ಚಿಕ್ಕಮಗಳೂರಿಗೆ ಹೋಗಿ ತಂದೆ. ನಿನ್ನ ಅಳತೆ ಗೊತ್ತಿರಲಿಲ್ಲ, ಅಮ್ಮನ ಕೈಗೆ ಹಾಕಿಸಿ ನೋಡಿದೆ. ಎರಡೂ ಒಂದೇ ತರ ಕಾಣುತ್ತವೆ ಅಂತ ಅವಳು ಎಡಗೈಯದಕ್ಕೆ ಕೆಂಪು ದಾರದಲ್ಲಿ ಒಂದು ಹೊಲಿಗೆ ಹಾಕಿದ್ದಾಳೆ. ಅದನ್ನು ಮೊದಲು ಕಟ್ಟಿಕೋ.

ನಿನ್ನ ಅಪ್ಪ