ಮಗಳಿಗೊಂದು ಪತ್ರ: ಹಿತ್ತಿಲ ಬಾಗಿಲಿನ ಅಗುಳಿ

ಪ್ರೀತಿಯ ಪುಟ್ಟಿ,

ಆಶೀರ್ವಾದಗಳು.

ಆಗುಂಬೆ ಕಡೆಯ ಆ ಊರಿನಲ್ಲಿ ನಿನ್ನ ಸಾಮಾನನ್ನೆಲ್ಲ ಇಳಿಸಿ ನಾನೂ ಅಪ್ಪನೂ ಹೊಸನಗರಕ್ಕೆ ಮರಳಿ ಮೂರು ದಿನಗಳಾದವು. ಅಂದಿನಿಂದ ನನ್ನ ಕಣ್ಣ ಮುಂದೆಯೇ ಇರುವುದು ನಿನ್ನ ಬಾಡಿಗೆ ಮನೆಯ ಹಿತ್ತಿಲ ಬಾಗಿಲು. ಪಾತ್ರೆ ತೊಳೆಯಲು ಹೋದಾಗ ಅದರ ಅಗುಳಿಯನ್ನು ಸುಮ್ಮನೆ ಎಳೆದು ನೋಡಿದೆ. ವರ್ಷಗಟ್ಟಲೆ ಮಳೆನೀರು ಕುಡಿದು ಚೌಕಟ್ಟಿನ ಮರ ಮೆತ್ತಗಾಗಿದೆ. ಮೊಳೆಯೊಂದು ಬೆರಳಿಗೇ ಕಿತ್ತು ಬಂತು, ಅದರ ಹಿಂದೆ ಒಂದು ಚಿಟಿಕೆ ಮರದ ಹುಡಿ ಉದುರಿತು. ಬಚ್ಚಲು ಆ ಬಾಗಿಲಿನಾಚೆಗೆ ಇರುವುದರಿಂದ ರಾತ್ರಿ ಎದ್ದರೆ ನೀನು ಅದನ್ನೇ ತೆರೆದು ಹೋಗಬೇಕು. ಕೆಲಸಕ್ಕೆ ಸೇರಿದ ದಿನವೇ ನಿನ್ನನ್ನು ಹೆದರಿಸುವುದು ಬೇಡವೆಂದು ಮೊಳೆಯನ್ನು ಮತ್ತೆ ತೂತಿಗೆ ತುರುಕಿ ಸುಮ್ಮನಾದೆ. ಹಾಗೆ ಮಾಡಬಾರದಿತ್ತು. ಇಂಥ ವಿಷಯಗಳಲ್ಲಿ ಬಾಯಿ ಮುಚ್ಚಿಕೊಳ್ಳುವುದನ್ನು ನಾನು ಬಹಳ ಹಿಂದೆಯೇ ಕಲಿತುಬಿಟ್ಟಿದ್ದೇನೆ; ಹೇಗೆ ಕಲಿತೆನೆಂಬುದನ್ನು ಈವರೆಗೆ ನಿನಗೆ ಹೇಳಿಲ್ಲ.

1990ರಲ್ಲಿ ನಾನು ಎರಡನೆಯ ಪಿಯುಸಿ ಓದುತ್ತಿದ್ದೆ. ಬಸ್ಸಿನಲ್ಲಿ ಒಬ್ಬಾತ ದಿನವೂ ನನ್ನ ಹಿಂದಿನ ಸೀಟಿನಲ್ಲಿ ಕುಳಿತು, ನಾನು ಇಳಿದಲ್ಲೇ ಇಳಿದು, ಹಾಡ್ಯದ ಕಾಡುದಾರಿಯಲ್ಲಿ ಮನೆಯ ಮುಂದಿನ ದಣಪೆಯ ಗೇಟು ಕಾಣುವವರೆಗೆ ಹಿಂಬಾಲಿಸುತ್ತಿದ್ದ. ನಾಲ್ಕು ತಿಂಗಳು ಯಾರಿಗೂ ಹೇಳಲಿಲ್ಲ. ಕೊನೆಗೊಂದು ಸಂಜೆ ಅಳುತ್ತ ಹೇಳಿದಾಗ ನನ್ನ ಅಪ್ಪಯ್ಯ ಕೊಟ್ಟ ತೀರ್ಪು ಒಂದೇ ಮಾತಿನದು: ನಾಳೆಯಿಂದ ಕಾಲೇಜು ಬೇಡ. ಆ ಮನುಷ್ಯ ಅದೇ ಬಸ್ಸಿನಲ್ಲಿ ಓಡಾಡಿಕೊಂಡೇ ಇದ್ದ. ಮನೆಯಲ್ಲಿ ಕುಳಿತವಳು ನಾನು. ಅಪ್ಪಯ್ಯ ಕೆಟ್ಟವರಾಗಿರಲಿಲ್ಲ, ನನ್ನ ಮೇಲಿನ ಅಕ್ಕರೆಯಿಂದಲೇ ಹಾಗೆ ಮಾಡಿದರು. ಸೋದರತ್ತೆ ಹಟ ಹಿಡಿದದ್ದರಿಂದ ಮರುವರ್ಷ ಪರೀಕ್ಷೆಗೆ ಕುಳಿತೆ, ಟಿ.ಸಿ.ಎಚ್. ಮುಗಿಸಿ ಶಿಕ್ಷಕಿಯಾದೆ. ಆದರೆ ಇದನ್ನೆಲ್ಲ ನೋಡುತ್ತಿದ್ದ ನಿನ್ನ ಇಬ್ಬರು ಚಿಕ್ಕಮ್ಮಂದಿರೂ ಬಸ್ಸಿನಲ್ಲಿ ಏನೇ ಆದರೂ ಮನೆಯಲ್ಲಿ ಹೇಳಬಾರದೆಂಬ ಪಾಠವನ್ನು ಚೆನ್ನಾಗಿ ಕಲಿತುಕೊಂಡರು.

ಆದ್ದರಿಂದ ಅಪ್ಪನೊಡನೆ ಮಾತನಾಡಿ ಇದನ್ನು ಬರೆಯುತ್ತಿದ್ದೇನೆ. ನೀನು ಯಾವ ಹೊತ್ತಿನಲ್ಲಿ, ಯಾವ ವಿಷಯ ಹೇಳಿದರೂ ನಮ್ಮಿಬ್ಬರ ಬಾಯಿಂದ 'ಕೆಲಸ ಬಿಟ್ಟು ಬಾ' ಎಂಬ ಮಾತು ಬರುವುದಿಲ್ಲ. ಬಿಡುವುದೋ ಇರುವುದೋ ಎಂಬುದು ನಿನ್ನ ನಿರ್ಧಾರ. ನಾವು ಹೊರಟು ಬರುತ್ತೇವೆ, ಅಷ್ಟೇ.

ನಿನ್ನ ಕೆಲಸ ಆರೋಗ್ಯ ಉಪಕೇಂದ್ರದೊಳಗೆ ಕುಳಿತು ಮಾಡುವಂಥದ್ದಲ್ಲ. ಮಂಗನ ಕಾಯಿಲೆಯ ಕಾಲದಲ್ಲಂತೂ ಮನೆಮನೆಗೆ ಹೋಗಬೇಕು, ನಮ್ಮ ಕಡೆಯ ಮನೆಗಳೋ ಒಂದೊಂದು ತೋಟಕ್ಕೆ ಒಂದೊಂದು. ಮೊದಲ ಕೆಲವು ತಿಂಗಳು ಆಶಾ ಕಾರ್ಯಕರ್ತೆಯನ್ನು ಬಿಟ್ಟು ಹೋಗಬೇಡ. ಯಾವ ಮನೆಯಲ್ಲಿ ನಾಯಿ ಕಟ್ಟುವುದಿಲ್ಲ, ಯಾರು ಮಧ್ಯಾಹ್ನಕ್ಕೇ ಕುಡಿದಿರುತ್ತಾರೆ ಎಂಬುದು ಯಾವ ಕಡತದಲ್ಲೂ ಇರುವುದಿಲ್ಲ, ಅವರಿಗೆ ಗೊತ್ತಿರುತ್ತದೆ. ದಣಪೆಯಾಚೆಯೇ ನಿಂತು ಕರೆದು, ಮನೆಯ ಹೆಂಗಸರು ಹೊರಬಂದ ಮೇಲೆ ಅಂಗಳಕ್ಕೆ ಇಳಿಯುವ ನಮ್ಮ ಹಳೆಯ ಪದ್ಧತಿಯನ್ನು ಬಿಡಬೇಡ. ಬಾರದಿದ್ದರೆ ಮರಳಿ ಬಾ. ಒಂದು ಮನೆಯ ಲೆಕ್ಕ ಬಾಕಿ ಉಳಿದರೆ ಉಳಿಯಲಿ.

ಹಾಗೆ ಹೋದಲ್ಲಿ ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ ಅದು ಕಚೇರಿಯ ಹೊರಗಿನ ಮಾತೆಂದು ಯಾರೂ ನಿನಗೆ ಹೇಳುವಂತಿಲ್ಲ. ರಾಜಸ್ಥಾನದಲ್ಲಿ ಭಂವರಿ ದೇವಿ ಎಂಬ ಗ್ರಾಮಮಟ್ಟದ ಸರ್ಕಾರಿ ಕಾರ್ಯಕರ್ತೆ, ಬಾಲ್ಯವಿವಾಹವೊಂದನ್ನು ತಡೆಯಲು ಹೋದ ಕಾರಣಕ್ಕೆ 1992ರಲ್ಲಿ ಸಾಮೂಹಿಕ ಅತ್ಯಾಚಾರಕ್ಕೆ ಗುರಿಯಾದರು. ಆ ಪ್ರಕರಣದ ಹಿನ್ನೆಲೆಯಲ್ಲಿ ಮಹಿಳಾ ಸಂಘಟನೆಗಳು ನ್ಯಾಯಾಲಯಕ್ಕೆ ಹೋದದ್ದರಿಂದ 1997ರಲ್ಲಿ ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪು ಬಂತು, ಅದೇ ಮುಂದೆ ಕೆಲಸದ ಸ್ಥಳದ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯ್ದೆಯಾಯಿತು. ನಿನ್ನಂತೆ ಮನೆಮನೆ ತಿರುಗುತ್ತಿದ್ದ ಹೆಣ್ಣೊಬ್ಬಳ ನೋವಿನಿಂದ ಹುಟ್ಟಿದ ಕಾನೂನು ಅದು. ಕೆಲಸದ ನಿಮಿತ್ತ ನೀನು ಹೋಗುವ ಪ್ರತಿಯೊಂದು ಜಾಗವನ್ನೂ ಅದು ಕೆಲಸದ ಸ್ಥಳವೆಂದೇ ಎಣಿಸುತ್ತದೆ. ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು ಎಂಬುದನ್ನು ಮಾತ್ರ ಮರೆಯಬೇಡ.

ಫೋನಿನ ವಿಷಯ. ಜೋರು ಮಳೆಗೆ ಕರೆಂಟು ಹೋದರೆ, ಸ್ವಲ್ಪ ಹೊತ್ತಿನಲ್ಲೇ ಟವರೂ ಹೋಗುತ್ತದೆ. ನಿನ್ನ ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಗುತ್ತಿದ್ದರೆ 112ಕ್ಕೆ ಕರೆ ಹೋಗುತ್ತದೆ. ಯಾವ ಟವರೂ ಇಲ್ಲದ ಕಣಿವೆಯಲ್ಲಿ ಅದೂ ಹೋಗದು. ಹಾಗಾಗಿ ಯಾವ ತಿರುವಿನಲ್ಲಿ, ಯಾವ ದಿಬ್ಬದ ಮೇಲೆ ಸಿಗ್ನಲ್ ಬರುತ್ತದೆ ಎಂಬುದನ್ನು ಸ್ಕೂಟಿ ನಿಲ್ಲಿಸಿ ನೋಡಿ ಬರೆದಿಟ್ಟುಕೋ. ಹೊರಡುವ ಮುನ್ನ ಅಂದಿನ ಮನೆಗಳ ಪಟ್ಟಿಯನ್ನು ಉಪಕೇಂದ್ರದ ಹಲಗೆಯ ಮೇಲೆ ಬರೆದು ಹೋಗು.

ಬಸ್ಸಿನ ಮಾತನ್ನೂ ಹೇಳಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ, ಆದರೆ ನಮ್ಮ ಕಡೆಯ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳೇ. ನಾಲ್ಕು ಕಾಸು ಉಳಿಸಲೆಂದು ಸರ್ಕಾರಿ ಬಸ್ಸಿಗಾಗಿ ಕತ್ತಲಾಗುವವರೆಗೆ ಕಾಯಬೇಡ. ಹಾಗೆ ಕಾಯುವ ಹೆಂಗಸರನ್ನು ನಾನು ತೀರ್ಥಹಳ್ಳಿಯಲ್ಲಿ ಪ್ರತಿ ಸಲವೂ ನೋಡುತ್ತೇನೆ, ಹೊಟ್ಟೆ ಚುರುಕ್ಕೆನ್ನುತ್ತದೆ.

ಪೊಲೀಸರ ಬಳಿ ಹೋಗಬೇಕಾದ ದಿನ ಬಂದರೆ, ಅದು ತಮ್ಮ ಸರಹದ್ದಲ್ಲವೆಂದು ಯಾವ ಠಾಣೆಯವರೂ ನಿನ್ನನ್ನು ಹಿಂದೆ ಕಳುಹಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮು ಇದನ್ನು ಹೇಳುತ್ತದೆ. ಹಿಂಬಾಲಿಸುವುದು, ಬೇಡವೆಂದರೂ ಮತ್ತೆ ಮತ್ತೆ ಸಂಪರ್ಕಿಸುವುದು ಈಗ ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮಿನಡಿ ಮೂರು ವರ್ಷದವರೆಗೆ ಜೈಲಾಗಬಹುದಾದ ಅಪರಾಧ. 1990ರಲ್ಲಿ ನನಗಾದದ್ದಕ್ಕೆ ಕಾನೂನಿನಲ್ಲಿ ಹೀಗೊಂದು ಹೆಸರೇ ಇರಲಿಲ್ಲ. ಮೊನ್ನೆ ಆ ಕಲಮನ್ನು ಓದಿದಾಗ ಬಹಳ ಹೊತ್ತು ಪುಟ ಮಗುಚಲಾಗಲಿಲ್ಲ.

ಶನಿವಾರ ಬೆಳಗಿನ ಮೊದಲ ಬಸ್ಸಿಗೆ ಅಪ್ಪ ನಮ್ಮೂರಿನ ಬಡಗಿಯನ್ನು ಕರೆದುಕೊಂಡು ಬರುತ್ತಾರೆ. ಮನೆಯ ಯಜಮಾನರಿಗೆ ಫೋನು ಮಾಡಿ ಒಪ್ಪಿಗೆ ಕೇಳಿಯಾಗಿದೆ. ಚೌಕಟ್ಟಿಗೆ ಹಲಸಿನ ಹಲಗೆ, ಕಬ್ಬಿಣದ ಅಗುಳಿ ಎರಡು, ಬಚ್ಚಲ ದಾರಿಗೊಂದು ಚಾರ್ಜಿಂಗ್ ದೀಪ ಕಟ್ಟಿಟ್ಟಿದ್ದೇನೆ. ಅಲ್ಲಿಯವರೆಗೆ ರಾತ್ರಿ ಆ ಬಾಗಿಲಿಗೆ ಅಕ್ಕಿಯ ಡಬ್ಬಿಯನ್ನು ಅಡ್ಡ ಇಟ್ಟು ಮಲಗು.

ಇತಿ,
ನಿನ್ನ ಅಮ್ಮ